ಹಿಪ್ಪುನೇರಳೆ ಕಡ್ಡಿಗೆ ಆಲೂಗಡ್ಡೆ ಬೇಕಿಲ್ಲ

ಹಿಪ್ಪುನೇರಳೆ, ಅಂಜೂರದ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಟ್ಟರೆ ಬೇಗ ಬೇರು ಬರುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಬೇರು ಬರುವುದು ಕಡ್ಡಿಯೊಳಗೇ ಕೂಡಿಟ್ಟ ಆಹಾರದಿಂದ. ಅದಕ್ಕೆ ಆಲೂಗಡ್ಡೆಯ ಹಂಗಿಲ್ಲ. ಒದ್ದೆ ಮಣ್ಣಲ್ಲಿ ಗಡ್ಡೆ ಕೊಳೆತರೆ ಕಡ್ಡಿಯ ಬುಡಕ್ಕೂ ಕೊಳೆ ಹತ್ತಬಹುದು. ಇಲ್ಲವೇ ಆಲೂಗಡ್ಡೆಯೇ ಮೊಳೆತು ನಿಲ್ಲುತ್ತದೆ.

ನಮ್ಮ ರೇಷ್ಮೆ ರೈತರು ತಲೆಮಾರುಗಳಿಂದ ಬರೀ ಕಡ್ಡಿ ನೆಟ್ಟೇ ತೋಟ ಎಬ್ಬಿಸಿದ್ದಾರೆ, ಅಲ್ವಾ? ಆರೇಳು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. 15ರಿಂದ 20 ಸೆಂ.ಮೀ. ಉದ್ದ, ಮೂರ್ನಾಲ್ಕು ಕಣ್ಣು (ಚಿಗುರೊಡೆಯುವ ಮೊಗ್ಗು) ಇದ್ದರೆ ಸಾಕು. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿ. ಆಗ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ನೆಟ್ಟು ನೆರಳಲ್ಲಿಡಿ. ನೀರು ನಿಲ್ಲಬಾರದು.

ಇನ್ನೊಂದು ಮಾತು. ಚಿಗುರು ಕಂಡ ಕೂಡಲೇ ಬೇರು ಬಂತು ಅಂದುಕೊಳ್ಳಬೇಡಿ. ಎಷ್ಟೋ ಸಲ ಎಲೆ ಮೊದಲು, ಬೇರು ಆಮೇಲೆ. ನೋಡೋಣ ಅಂತ ಸುಮ್ನೆ ಎಳೆದರೆ ಎಳೇ ಬೇರು ಕಿತ್ತುಹೋಗುತ್ತದೆ. ಎರಡು ಮೂರು ತಿಂಗಳು ಕಾದು, ಆಮೇಲೆ ಜಾಗ ಬದಲಿಸಿ.