ಕಾಮಗಾರಿಗೆ ಏಟು ಬಿದ್ದಾಗ ಎಲ್ಲರ ಮಾತು ಬೇಕೇ, ಒಬ್ಬರ ಮಾತು ಸಾಕೇ?

ಪರ: ಎಲ್ಲರೂ ಮೊದಲಿಂದಲೇ ಜೊತೆಗಿರಲಿ

ದೊಡ್ಡ ಕಾಮಗಾರಿಯಲ್ಲಿ ಎಲ್ಲರಿಗೂ ಅನಿರೀಕ್ಷಿತವಾದದ್ದು ಕಡಿಮೆ. ಮಣ್ಣು ಮೆತ್ತಗಿದೆ ಅಂತ ಅಗೆಯುವವನಿಗೆ ಗೊತ್ತಿರುತ್ತದೆ. ಮಾಲು ತಡವಾಗುತ್ತದೆ ಅಂತ ಸಪ್ಲೈಯರ್‌ಗೆ ಗೊತ್ತಿರುತ್ತದೆ. ಬಾಯಿಬಿಡುವುದಿಲ್ಲ ಅಷ್ಟೇ. ಹೇಳಿದವರ ತಲೆಗೇ ದಂಡ ಕಟ್ಟುವ ಕರಾರಿದ್ದರೆ ಸುಮ್ನೆ ಇರುವುದೇ ಜಾಣತನ, ಅಲ್ವಾ?

1994ರ ಅಕ್ಟೋಬರ್‌ನಲ್ಲಿ ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದ ಅಡಿಯಲ್ಲಿ ಕಟ್ಟುತ್ತಿದ್ದ ರೈಲು ಸುರಂಗ ಕುಸಿಯಿತು. ಮೇಲಿನ ನೆಲ ಬಾಯಿಬಿಟ್ಟಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಇಂಥ ಹೊತ್ತಲ್ಲಿ ಎಂಜಿನಿಯರ್‌ಗಳಿಗಿಂತ ಮೊದಲು ವಕೀಲರು ಬಂದು ಕೂರುತ್ತಾರೆ. ಆದರೆ ಅಲ್ಲಿ ಮಾಲೀಕರು, ಗುತ್ತಿಗೆದಾರರು ಒಂದೇ ತಂಡ ಕಟ್ಟಿಕೊಂಡು, ತಪ್ಪು ಯಾರದು ಅನ್ನುವ ಜಗಳ ಪಕ್ಕಕ್ಕಿಟ್ಟು, ಸುರಂಗ ಸರಿಮಾಡುವ ದಾರಿ ಹುಡುಕಿದರು. 1998ರಲ್ಲಿ ರೈಲು ಓಡಿತು. ಅದೇ ಮಾಲೀಕ ಸಂಸ್ಥೆ ಮುಂದೆ ಐದನೇ ಟರ್ಮಿನಲ್ ಕಟ್ಟುವಾಗ ನಷ್ಟದ ಹೊರೆಯನ್ನು ಗುತ್ತಿಗೆದಾರರ ಮೇಲೆ ಹಾಕದೆ ತಾನೇ ಹೊತ್ತುಕೊಂಡಿತು. ಕಟ್ಟಡ ಹೇಳಿದ ಹೊತ್ತಿಗೆ ಮುಗಿಯಿತು.

ಎಡವಿದ್ದು ಎಲ್ಲಿ ಗೊತ್ತಾ? 2008ರ ಮಾರ್ಚ್ 27ರಂದು, ಟರ್ಮಿನಲ್ ತೆರೆದ ದಿನವೇ. ಸಿಬ್ಬಂದಿ ಪಾರ್ಕಿಂಗ್‌ಗಾಗಿ ಒದ್ದಾಡಿದರು, ಒಳಗೆ ಹೋಗಲು ತಪಾಸಣೆಯಲ್ಲಿ ಕಾದರು, ಅಷ್ಟರಲ್ಲಿ ಬ್ಯಾಗುಗಳು ರಾಶಿ ಬಿದ್ದವು, ವಿಮಾನಗಳು ರದ್ದಾದವು. ಕಟ್ಟುವವರನ್ನು ಚೆನ್ನಾಗಿ ಕೂಡಿಸಿಕೊಂಡವರು ನಡೆಸುವವರನ್ನು ಮಾತ್ರ ಸರಿಯಾಗಿ ತಯಾರು ಮಾಡಿರಲಿಲ್ಲ.

ಇನ್ನು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ. 2023ರ ನವೆಂಬರ್‌ನಲ್ಲಿ 41 ಕಾರ್ಮಿಕರು 17 ದಿನ ಒಳಗೆ ಸಿಕ್ಕಿಕೊಂಡಿದ್ದರು. ದೊಡ್ಡ ಕೊರೆಯುವ ಯಂತ್ರವೇ ಮುರಿದು ಕೂತ ಮೇಲೆ, ಕೊನೆಯ ಕೆಲವು ಮೀಟರ್ ಕೈಯಲ್ಲೇ ಅಗೆದು ಅವರನ್ನು ತಲುಪಿದವರು ಇಲಿಬಿಲದಂಥ ಗಣಿ ತೋಡಿ ಪಳಗಿದ ಕೂಲಿಗಳು. ಯೋಜನೆಗೆ ಸಂಬಂಧಪಟ್ಟವರು ಅಂತ ಪಟ್ಟಿ ಮಾಡುವಾಗ ಇಂಥವರ ಹೆಸರನ್ನು ಯಾರು ಬರೆದಿರುತ್ತಾರೆ ಹೇಳಿ?

ವಿರೋಧ: ಯಾರ ಸಹಿ ಅಂತ ಮೊದಲು ಹೇಳಿ

ಸಭೆಗೆ ಕುರ್ಚಿ ಜಾಸ್ತಿ ಹಾಕಿದರೆ ಯೋಜನೆ ಗಟ್ಟಿಯಾಗುತ್ತದೆ ಅನ್ನುವವರು ಬರ್ಲಿನ್‌ನ ಹೊಸ ವಿಮಾನ ನಿಲ್ದಾಣದ ಕಥೆ ನೋಡಬೇಕು. ಬರ್ಲಿನ್, ಅದರ ಸುತ್ತಲಿನ ಬ್ರಾಂಡೆನ್‌ಬರ್ಗ್ ರಾಜ್ಯ, ಜರ್ಮನಿಯ ಕೇಂದ್ರ ಸರ್ಕಾರ, ಹೀಗೆ ಮೂರು ಮಾಲೀಕರು. ಉಸ್ತುವಾರಿ ಮಂಡಳಿಯಲ್ಲಿ ರಾಜಕಾರಣಿಗಳು. ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಡದೆ ತುಂಡು ತುಂಡಾಗಿ ಹಂಚಿದರು, ಮಧ್ಯದಲ್ಲಿ ಪ್ಲಾನ್ ಬೇರೆ ಬದಲಾಗುತ್ತಲೇ ಇತ್ತು. 2012ರ ಜೂನ್‌ನಲ್ಲಿ ಉದ್ಘಾಟನೆ ಅಂತ ನಿಗದಿಯಾಗಿತ್ತು. ನಾಲ್ಕು ವಾರವೂ ಉಳಿದಿಲ್ಲ ಅನ್ನುವಾಗ ರದ್ದು! ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆಯೇ ನೆಟ್ಟಗಿರಲಿಲ್ಲ. ಹೊಗೆ ಮೇಲಕ್ಕೇಳುವುದು ಎಲ್ಲರಿಗೂ ಗೊತ್ತು. ಅಲ್ಲಿ ಅದನ್ನು ಕೆಳಕ್ಕೆಳೆದು ನೆಲದಡಿಯಿಂದ ಸಾಗಿಸುವ ವಿನ್ಯಾಸ ಮಾಡಿದ್ದರು. ಅದಕ್ಕೆ ಬಾಗಿಲು, ಸೆನ್ಸರ್, ಫ್ಯಾನ್ ಎಲ್ಲ ಒಂದೇ ತಾಳಕ್ಕೆ ಕೆಲಸ ಮಾಡಬೇಕು. ಆ ತಾಳ ಹಾಕುವವರೇ ಇರಲಿಲ್ಲ. ನಿಲ್ದಾಣ ತೆರೆದಿದ್ದು 2020ರ ಅಕ್ಟೋಬರ್ 31ಕ್ಕೆ.

ಹೀಥ್ರೋ ಉದಾಹರಣೆ ಕೊಡುವವರು ಒಂದು ಮಾತು ನುಂಗಿಬಿಡುತ್ತಾರೆ. ಐದನೇ ಟರ್ಮಿನಲ್‌ನಲ್ಲಿ ಎಲ್ಲರೂ ಧೈರ್ಯವಾಗಿ ಬಾಯಿಬಿಟ್ಟದ್ದು ನಷ್ಟ ನನ್ನದು ಅಂತ ಒಬ್ಬ ಮಾಲೀಕ ಮೊದಲೇ ಬರೆದುಕೊಟ್ಟಿದ್ದರಿಂದ. ಆ ಒಂದು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಎಷ್ಟು ಸಭೆ ನಡೆಸಿದರೂ ಚಹಾ ಖರ್ಚು. ಊರಿನವರು, ಬ್ಯಾಂಕಿನವರು, ಇನ್ಶೂರೆನ್ಸ್‌ನವರು ತಮ್ಮ ಮಾತು ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಸುರಂಗಕ್ಕೆ ನೀರು ನುಗ್ಗಿದಾಗ ಕೆಲಸ ನಿಲ್ಲಿಸಲು ಯಾರ ಒಪ್ಪಿಗೆ ಬೇಕು ಅಂತ ಸೈಟ್ ಎಂಜಿನಿಯರ್ ಫೋನ್ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಕೂರಬಾರದು.

ಸಿಲ್ಕ್ಯಾರಾದಲ್ಲಿ ಕೈಯಲ್ಲಿ ಅಗೆದವರಿಗೆ ದೊಡ್ಡ ನಮಸ್ಕಾರ. ಆದರೆ 2018ರಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಾಗಲೇ ತುರ್ತಿಗೆ ಪಾರಾಗುವ ದಾರಿ ಅದರಲ್ಲಿತ್ತು. ಸುರಂಗ ಕುಸಿದಾಗ ಆ 41 ಜನರಿಗೆ ಅಂಥ ದಾರಿ ಸಿಗಲಿಲ್ಲ. ಅದು ಆಗುವವರೆಗೆ ಒಂದಡಿಯೂ ಮುಂದೆ ಅಗೆಯಬೇಡಿ ಅನ್ನುವ ಅಧಿಕಾರ ಯಾರ ಕೈಯಲ್ಲಿತ್ತು? ನನಗೆ ಬೇಕಾಗಿರುವುದು ಆ ಒಂದು ಹೆಸರು.