ಎರಡು ಬುಷೆಲ್ ಗೋಧಿ, ಎರಡು ಸೇರು ಜೋಳ

1998ರ ಚಳಿಗಾಲ. ಬಾಸ್ಟನ್ ಹತ್ತಿರದ ವಾಲ್ಥಮ್‌ಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ರಾತ್ರಿ ಎರಡನೆಯ ಚಾನೆಲ್ಲಿನಲ್ಲಿ ಒಳ್ಳೆಯ ವಿಜ್ಞಾನ ಕಾರ್ಯಕ್ರಮವೊಂದು ಬರುತ್ತಿತ್ತು. ನಡುವೆಯೇ ಅದನ್ನು ನಿಲ್ಲಿಸಿದರು. ಇಬ್ಬರು ಬಂದು ನಿಂತರು. ಅವರ ಹಿಂದೆ ಸಾಲಾಗಿ ಟೆಲಿಫೋನುಗಳು, ಒಂದೊಂದರ ಮುಂದೆಯೂ ಊರಿನವರೇ ಆದ ಸ್ವಯಂಸೇವಕರು. ಈ ಕಾರ್ಯಕ್ರಮ ಇಷ್ಟವಾದರೆ ಕರೆ ಮಾಡಿ, ಕೈಲಾದಷ್ಟು ಕೊಡಿ ಎಂದು ಕೇಳತೊಡಗಿದರು. ಹತ್ತು ನಿಮಿಷವಾದರೂ ಬಿಡಲಿಲ್ಲ. ನನಗೆ ಮುಜುಗರವಾಯಿತು. ಇಷ್ಟು ಶ್ರೀಮಂತ ದೇಶದಲ್ಲಿ ಟಿವಿ ಕೇಂದ್ರವೊಂದು ಹೀಗೆ ಮನೆಮನೆಗೆ ಕೈಯೊಡ್ಡುವುದೇ? ನಮ್ಮ ದೂರದರ್ಶನ ಎಂದೂ ಯಾರ ಮುಂದೆಯೂ ಹೀಗೆ ನಿಂತಿರಲಿಲ್ಲ. ಅಂದು ರಾತ್ರಿ ನನಗೆ ನಮ್ಮ ಪದ್ಧತಿಯ ಬಗ್ಗೆ ಹೆಮ್ಮೆಯೇ ಆಗಿತ್ತು.

ಇಷ್ಟು ವರ್ಷ ಆ ಕೇಂದ್ರವನ್ನು ನೋಡಿದ ಮೇಲೆ, ಅದರ ಚರಿತ್ರೆಯನ್ನು ಓದಿದ ಮೇಲೆ, ಆ ಹೆಮ್ಮೆ ನನ್ನಲ್ಲಿ ಉಳಿದಿಲ್ಲ.

ಕೇಂದ್ರದ ಹೆಸರು ಡಬ್ಲ್ಯುಜಿಬಿಎಚ್. 2020ರಿಂದೀಚೆಗೆ ಬರೀ ಜಿಬಿಎಚ್. ಆ ಮೂರು ಅಕ್ಷರ ಗ್ರೇಟ್ ಬ್ಲೂ ಹಿಲ್ ಎಂಬ ಗುಡ್ಡದ್ದು. ಬಾಸ್ಟನ್ನಿನ ದಕ್ಷಿಣಕ್ಕೆ ಮಿಲ್ಟನ್ ಊರಿನಲ್ಲಿರುವ ಆ ಗುಡ್ಡದ ಮೇಲೆ ಅದರ ಮೊದಲ ಪ್ರಸಾರ ಗೋಪುರ ನಿಂತಿತ್ತು. ಇದರ ಬೇರು ಹುಡುಕುತ್ತ ಹೋದರೆ ನಾವು ಮುಂಬೈಗೆ ಬಂದು ತಲುಪುತ್ತೇವೆ ಎಂಬುದು ನನಗೆ ತಿಳಿದಾಗ ಬಹಳ ಆಶ್ಚರ್ಯವಾಯಿತು. ಬಾಸ್ಟನ್ನಿನ ಜವಳಿ ಉದ್ಯಮಿಗಳ ಮನೆತನದ ಜಾನ್ ಲೊವೆಲ್ ಎಂಬ ಯುವಕ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ ದುಃಖದಲ್ಲಿ ಲೋಕಸಂಚಾರಕ್ಕೆ ಹೊರಟ. ಈಜಿಪ್ಟಿನ ಲಕ್ಸರ್‌ನಲ್ಲಿ ಕಾಯಿಲೆ ಬಿದ್ದಾಗ ಉಯಿಲು ಬರೆದ. 1836ರ ಮಾರ್ಚ್‌ನಲ್ಲಿ, ಮುಂಬೈ ಮುಟ್ಟಿ ಕೆಲವೇ ವಾರಗಳಲ್ಲಿ, 36ರ ವಯಸ್ಸಿನಲ್ಲಿ ತೀರಿಕೊಂಡ. ಆಸ್ತಿಯ ಅರ್ಧ ಭಾಗವನ್ನು ಬಾಸ್ಟನ್ನಿನ ಜನರಿಗೆ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಲು ಬಿಟ್ಟುಹೋಗಿದ್ದ. ಉಪನ್ಯಾಸಗಳು ಉಚಿತ. ಹೆಚ್ಚು ಆಳದ ತರಗತಿಗಳಿಗೆ ಶುಲ್ಕ ತೆಗೆದುಕೊಳ್ಳಬಹುದು, ಆದರೆ ಅದು ಎರಡು ಬುಷೆಲ್ ಗೋಧಿಯ ಬೆಲೆಯನ್ನು ಮೀರಕೂಡದು. ಎರಡು ಬುಷೆಲ್ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 54 ಕಿಲೊ.

ಆ ಹಣದಿಂದ ಹುಟ್ಟಿದ ಲೊವೆಲ್ ಸಂಸ್ಥೆ 1946ರಲ್ಲಿ ಊರಿನ ಆರು ಕಾಲೇಜು, ವಿಶ್ವವಿದ್ಯಾಲಯಗಳನ್ನು ಸೇರಿಸಿ ಪ್ರಸಾರ ಮಂಡಳಿಯೊಂದನ್ನು ಕಟ್ಟಿತು. 1951ರ ಅಕ್ಟೋಬರ್‌ನಲ್ಲಿ ರೇಡಿಯೊ, ಬಾಸ್ಟನ್ ಸಿಂಫನಿ ವಾದ್ಯವೃಂದದ ಸಂಗೀತ ಕಛೇರಿಯ ನೇರ ಪ್ರಸಾರದೊಂದಿಗೆ. ಮರುವರ್ಷ ಅಮೆರಿಕದ ಸಂಪರ್ಕ ಆಯೋಗ ದೇಶದಾದ್ಯಂತ 242 ಚಾನೆಲ್‌ಗಳನ್ನು ಲಾಭಕ್ಕಲ್ಲದ ಶಿಕ್ಷಣ ಪ್ರಸಾರಕ್ಕೆಂದು ಎತ್ತಿಟ್ಟಿತು. ಆಯೋಗದ ಮೊದಲ ಮಹಿಳಾ ಸದಸ್ಯೆ ಫ್ರೀಡಾ ಹೆನ್ನಾಕ್ ಹಟ ಹಿಡಿದು ಹೋರಾಡದಿದ್ದರೆ ಅವೆಲ್ಲ ವ್ಯಾಪಾರಿಗಳ ಪಾಲಾಗುತ್ತಿದ್ದವು. ಹಾಗೆ ಸಿಕ್ಕ ಜಾಗದಲ್ಲಿ 1955ರ ಮೇ 2ರಂದು ಬಾಸ್ಟನ್ನಿನ ಎರಡನೆಯ ಚಾನೆಲ್ ಕಣ್ಣು ಬಿಟ್ಟಿತು. ಎಂಐಟಿಯ ಎದುರಿಗೆ, ಹಿಂದೆ ಸ್ಕೇಟಿಂಗ್ ಅಂಗಳವಾಗಿದ್ದ ಹಳೆಯ ಕಟ್ಟಡವೇ ಅದರ ಸ್ಟುಡಿಯೊ.

ಆರು ವರ್ಷಕ್ಕೆ, 1961ರ ಅಕ್ಟೋಬರ್ 14ರಂದು, ಆ ಕಟ್ಟಡ ಸುಟ್ಟುಹೋಯಿತು. ಸರ್ಕಾರದ ಹಣವಿಲ್ಲ, ಜಾಹೀರಾತಿನ ಆದಾಯವಿಲ್ಲ. ಅಂಥ ಕೇಂದ್ರ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪೈಪೋಟಿಯಲ್ಲಿದ್ದ ವಾಣಿಜ್ಯ ಕೇಂದ್ರಗಳೇ ತಮ್ಮ ಸ್ಟುಡಿಯೊ ಬಿಟ್ಟುಕೊಟ್ಟವು. ಜನ ಹಣ ಕಳಿಸಿದರು. ಕೆಲವೇ ದಿನಗಳಲ್ಲಿ ಪ್ರಸಾರ ಮತ್ತೆ ಆರಂಭವಾಯಿತು, ಮೂರು ವರ್ಷದೊಳಗೆ ನದಿಯ ಇನ್ನೊಂದು ದಂಡೆಯ ಆಲ್‌ಸ್ಟನ್‌ನಲ್ಲಿ ಹೊಸ ಕಟ್ಟಡ ಎದ್ದಿತು.

ಮನೆ ಇಲ್ಲದ ಆ ಮೂರು ವರ್ಷಗಳ ಬಗ್ಗೆ ಓದುವುದೆಂದರೆ ನನಗೆ ಬಹಳ ಇಷ್ಟ. ಪುಸ್ತಕಗಳ ಬಗ್ಗೆ ಮಾತನಾಡುವ ಕಾರ್ಯಕ್ರಮಕ್ಕೆ 1962ರಲ್ಲಿ ಜೂಲಿಯಾ ಚೈಲ್ಡ್ ಎಂಬ ಎತ್ತರದ ಹೆಂಗಸು ಬಂದರು. ಫ್ರೆಂಚ್ ಅಡುಗೆಯ ಪುಸ್ತಕ ಬರೆದಿದ್ದ ಅವರು ಬರುವಾಗ ಒಂದು ವಿದ್ಯುತ್ ಒಲೆಯನ್ನು ತಂದು, ಕ್ಯಾಮೆರಾದ ಮುಂದೆಯೇ ಆಮ್ಲೆಟ್ ಮಾಡಿ ತೋರಿಸಿದರು. ಆ ಹೆಂಗಸನ್ನು ಮತ್ತೆ ಕರೆಯಿರಿ ಎಂದು ಕೇಂದ್ರಕ್ಕೆ 27 ಪತ್ರಗಳು ಬಂದವು. ಇಪ್ಪತ್ತೇಳೇ. ಅವನ್ನು ಯಾರೋ ಕುಳಿತು ಓದಿದರು, ಅದು ದೊಡ್ಡ ಸಂಖ್ಯೆಯೆಂದೇ ತಿಳಿದರು. ಸ್ವಂತ ಸ್ಟುಡಿಯೊ ಇಲ್ಲದ್ದರಿಂದ ವಿದ್ಯುತ್ ಕಂಪನಿಯೊಂದರ ಪ್ರಾತ್ಯಕ್ಷಿಕೆಯ ಅಡುಗೆಮನೆಯಲ್ಲಿ ಚಿತ್ರೀಕರಣ ನಡೆಸಿ 1963ರ ಫೆಬ್ರವರಿಯಲ್ಲಿ ಅಡುಗೆಯ ಸರಣಿ ಶುರುಮಾಡಿದರು. ಅಮೆರಿಕದ ಮನೆಗಳ ಅಡುಗೆ ಅಲ್ಲಿಂದ ಬದಲಾಯಿತು. ಹತ್ತು ವರ್ಷ ಕಳೆಯುವ ಮುನ್ನ, 1972ರಲ್ಲಿ, ಕಿವುಡರಿಗಾಗಿ ತೆರೆಯ ಮೇಲೆ ಮಾತುಗಳನ್ನು ಅಕ್ಷರದಲ್ಲಿ ಮೂಡಿಸುವ ಪ್ರಯೋಗವನ್ನು ಈ ಕೇಂದ್ರ ಮೊದಲು ಮಾಡಿದ್ದೂ ಇದೇ ಅಡುಗೆ ಕಾರ್ಯಕ್ರಮದಲ್ಲಿ.

ಇನ್ನೊಂದು ರಾತ್ರಿಯ ಕಥೆಯನ್ನು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ನಗರ ನಗರಗಳಲ್ಲಿ ಬೆಂಕಿ. ಮರುದಿನ ಬಾಸ್ಟನ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಗಾಯಕ ಜೇಮ್ಸ್ ಬ್ರೌನ್ ಕಾರ್ಯಕ್ರಮ ನಿಗದಿಯಾಗಿತ್ತು. ಅದನ್ನು ರದ್ದು ಮಾಡಿದರೆ ಸಾವಿರಾರು ಯುವಕರು ಸಿಟ್ಟಿನಲ್ಲಿ ಬೀದಿಗಿಳಿಯುತ್ತಾರೆ, ನಡೆಸಿದರೆ ನಗರದ ನಡುವೆಯೇ ಗುಂಪು ಸೇರುತ್ತದೆ ಎಂಬ ಅಂಜಿಕೆ. ಎಲ್ಲರೂ ಮನೆಯಲ್ಲೇ ಕುಳಿತು ನೋಡುವಂತೆ ನೇರ ಪ್ರಸಾರ ಮಾಡೋಣ ಎಂದವರು ನಗರಸಭೆಯ ಕಪ್ಪುಜನಾಂಗದ ಸದಸ್ಯ ಟಾಮ್ ಅಟ್ಕಿನ್ಸ್. ಮೇಯರ್ ಕೆವಿನ್ ವೈಟ್ ಒಪ್ಪಿದರು. ಕೆಲವೇ ಗಂಟೆಗಳಲ್ಲಿ ಎರಡನೆಯ ಚಾನೆಲ್ ಕ್ಯಾಮೆರಾ ಹೊತ್ತು ಹೊರಟಿತು. ಸಂಗೀತ ಮುಗಿದ ಕೂಡಲೇ ಅದನ್ನೇ ಮತ್ತೊಮ್ಮೆ ಪ್ರಸಾರ ಮಾಡಿದರು. ಆ ರಾತ್ರಿ ಬಾಸ್ಟನ್ ಬಹುಮಟ್ಟಿಗೆ ಶಾಂತವಾಗಿತ್ತು. ದೂರದ ರಾಜಧಾನಿಯ ಅನುಮತಿಗೆ ಕಾಯಬೇಕಾದ ಕೇಂದ್ರವಾಗಿದ್ದರೆ ಅಷ್ಟರಲ್ಲಿ ಬೆಳಗಾಗುತ್ತಿತ್ತು.

ಈಗ ನನ್ನೂರಿಗೆ ಬರುತ್ತೇನೆ. ರಾಯಚೂರು ಜಿಲ್ಲೆಯ ಹಳ್ಳಿ. 1975ರಲ್ಲಿ ನಾನು ಮೂರನೆಯ ತರಗತಿ, ಅಪ್ಪ ಅದೇ ಶಾಲೆಯ ಮಾಸ್ತರರು. ಒಂದು ದಿನ ಜೀಪಿನಲ್ಲಿ ಬಂದವರು ಶಾಲೆಯ ಮೇಲೆ ಕೋಳಿಗೂಡಿನ ಜಾಲರಿಯಂಥದ್ದನ್ನು ಬಿಗಿದ ದೊಡ್ಡ ಕೊಡೆಯೊಂದನ್ನು ನಿಲ್ಲಿಸಿದರು, ಒಳಗೆ ಒಂದು ಪೆಟ್ಟಿಗೆ ಇಟ್ಟರು. ಅದು ಸೈಟ್ ಎಂದು ಹೆಸರಾದ ಉಪಗ್ರಹ ಶಿಕ್ಷಣ ಪ್ರಯೋಗ. ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಉಪಗ್ರಹ ಕೊಟ್ಟಿತ್ತು, ಇಸ್ರೋ ಉಳಿದ ಏರ್ಪಾಡು ಮಾಡಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು; ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ನಮಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಬೆಂಗಳೂರಿನವರು ತಮ್ಮ ಮನೆಯಲ್ಲಿ ಟಿವಿ ನೋಡುವುದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕುರಿಗಾಹಿಗಳು ಕುಳಿತು ಟಿವಿ ನೋಡಿದರು. ಬಡವರಿಂದ ಶುರುಮಾಡಿದ ಆ ದೊಡ್ಡತನವನ್ನು ನಾನು ಎಲ್ಲಿದ್ದರೂ ಎದೆ ತಟ್ಟಿ ಹೇಳುತ್ತೇನೆ. ಬಾಸ್ಟನ್ನಿನವರಿಗೆ ಅದು ಹೊಳೆದಿರಲಿಲ್ಲ.

ಆದರೆ 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಮರುದಿನ ಬೆಳಿಗ್ಗೆ ನಾವು ಮಕ್ಕಳು ಎಂದಿನಂತೆ ಸಾಲಾಗಿ ಕುಳಿತೆವು. ಅಪ್ಪ ಗುಂಡಿ ತಿರುಗಿಸಿದರು, ಪರದೆಯಲ್ಲಿ ಬರೀ ಚುಕ್ಕೆಗಳು. ಅವ್ವ ಆ ಪೆಟ್ಟಿಗೆಗೆ ಬಟ್ಟೆಯ ಹೊದಿಕೆ ಹೊಲಿದುಕೊಟ್ಟಿದ್ದಳು. ಅಪ್ಪ ಅದನ್ನು ಮತ್ತೆ ಹೊದಿಸಿದರು. ಬೇಕೇ ಎಂದು ಊರಿನವರನ್ನು ಯಾರೂ ಕೇಳಿರಲಿಲ್ಲ, ನಿಲ್ಲಿಸಲೇ ಎಂದೂ ಕೇಳಲಿಲ್ಲ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದ ಹೈದರಾಬಾದಿನ ಕೇಂದ್ರಕ್ಕೆ ನಮ್ಮೂರಿನಿಂದ 27 ಪತ್ರ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಬರೆಯಬಹುದೆಂಬುದೇ ನಮಗೆ ತೋಚಿರಲಿಲ್ಲ.

ಅದೇ ಊರಿನಲ್ಲಿ ಜಾತ್ರೆಗೆ ಪಟ್ಟಿ ಎತ್ತುವ ರೂಢಿ ಇತ್ತು. ಹಿರಿಯರು ಪುಸ್ತಕ ಹಿಡಿದು ಮನೆಮನೆಗೆ ಬರುತ್ತಿದ್ದರು. ಉಳ್ಳವರು ಚೀಲ ಜೋಳ ಬರೆಸಿದರೆ, ಇಲ್ಲದವರು ಎರಡು ಸೇರು. ಯಾರ ಮನೆಯನ್ನೂ ಬಿಡುವಂತಿರಲಿಲ್ಲ. ಬಿಟ್ಟರೆ ಆ ಮನೆಯವರಿಗೆ ಅವಮಾನ. ಎರಡು ಸೇರು ಕೊಟ್ಟವನೂ ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ನಿಂತು ಲೆಕ್ಕ ಕೇಳುತ್ತಿದ್ದ, ಏರು ದನಿಯಲ್ಲೇ ಕೇಳುತ್ತಿದ್ದ. ಬಾಸ್ಟನ್ನಿನ ಆ ಟೆಲಿಫೋನು ಸಾಲು ನನಗೆ ಭಿಕ್ಷೆಯಂತೆ ಕಂಡಿದ್ದು ನಾನು ಪಟ್ಟಿಯನ್ನು ಮರೆತಿದ್ದರಿಂದ. ಮರುವರ್ಷ ನಾನೂ 35 ಡಾಲರ್ ಬರೆಸಿದೆ. ಅಲ್ಲಿಂದ ಕಾರ್ಯಕ್ರಮ ಕೆಟ್ಟಾಗ ಪತ್ರ ಬರೆಯುವ ಧೈರ್ಯ ಬಂತು. ಎರಡು ಪತ್ರಗಳಿಗೆ ಉತ್ತರವೂ ಬಂದಿದೆ.

ನಮ್ಮಲ್ಲೂ ರೇಡಿಯೊ, ಟಿವಿಗೆ ಲೈಸೆನ್ಸ್ ಇತ್ತಲ್ಲ ಎನ್ನಬಹುದು. ಇತ್ತು, ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಕಟ್ಟಬೇಕಿತ್ತು; 1980ರ ದಶಕದಲ್ಲಿ ತೆಗೆದುಹಾಕಿದರು. ಅದು ಕಂದಾಯದ ಹಾಗೆ. ಕಟ್ಟಿದವನಿಗೆ ಕೇಂದ್ರ ನನ್ನದು ಎನಿಸಲಿಲ್ಲ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಶುರುವಾಯಿತು. ಅದೇ ಮುಂದೆ ಡಿಡಿ 9 ಆಗಿ, ಆಮೇಲೆ ಚಂದನವಾಯಿತು. ಕರಾವಳಿಯ ಬದುಕನ್ನು ತೆರೆಗೆ ತಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬಂದದ್ದು ಅಲ್ಲಿಯೇ. 2002ರಿಂದ ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನವೆಂದರೆ ಪುಸ್ತಕ. ನನ್ನ ಮಗಳು ಕನ್ನಡ ಗಾದೆಗಳನ್ನು ಕಲಿತದ್ದು ಯೂಟ್ಯೂಬಿನಲ್ಲಿ ಆ ಕಾರ್ಯಕ್ರಮ ನೋಡಿಯೇ. ಕೂಗಾಟವಿಲ್ಲದೆ ಕನ್ನಡವನ್ನು ಶುದ್ಧವಾಗಿ ಕೇಳಬೇಕೆಂದರೆ ಇಂದಿಗೂ ಚಂದನವೇ ಗತಿ. ಇಷ್ಟು ಒಳ್ಳೆಯ ಆಸ್ತಿಯನ್ನು ನಾವು ‘ಸರ್ಕಾರಿ ಚಾನೆಲ್’ ಎಂದು ಕರೆದು ಕೈತೊಳೆದುಕೊಂಡಿದ್ದೇವೆ. 1997ರಲ್ಲಿ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆಯಾಯಿತು ಎಂದರೂ ಹಣ ಬಹುಪಾಲು ಕೇಂದ್ರ ಸರ್ಕಾರದ್ದು, ಕೊನೆಯ ಮಾತು ದೆಹಲಿಯದು.

ನಮಗೆ ಇದು ಗೊತ್ತಿಲ್ಲದ ದಾರಿಯೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ನಿಂತಿತು. ಬಾಸ್ಟನ್ನಿನ ಕಾಲೇಜುಗಳು ಒಟ್ಟಿಗೆ ಕೂರುವುದಕ್ಕೆ 11 ವರ್ಷ ಮೊದಲೇ ಮೈಸೂರಿನ ಒಬ್ಬ ಮೇಷ್ಟ್ರು ಆ ಕೆಲಸ ಮಾಡಿದ್ದರು. ನಂತರ ಅದನ್ನು ಸಂಸ್ಥಾನ ವಹಿಸಿಕೊಂಡಿತು, ಆಮೇಲೆ ದೇಶ ವಹಿಸಿಕೊಂಡಿತು. ಹೆಸರು ದೆಹಲಿಯವರೆಗೆ ಹೋಯಿತು, ಊರಿನ ಕೇಂದ್ರ ಊರಿನವರ ಕೈಯಲ್ಲಿ ಉಳಿಯಲಿಲ್ಲ.

ಬಾಸ್ಟನ್ನಿನ ಪದ್ಧತಿಯಲ್ಲಿ ಹುಳುಕಿಲ್ಲವೆಂದು ನಾನು ಹೇಳುವುದಿಲ್ಲ. ಕೊಡುವವರಲ್ಲಿ ಹೆಚ್ಚಿನವರು ಓದಿದವರು, ಅನುಕೂಲಸ್ಥರು. ಆದ್ದರಿಂದ ಅವರ ರುಚಿಯೇ ಮುಂದಾಗುತ್ತದೆ: ಸಿಂಫನಿ, ಇಂಗ್ಲೆಂಡಿನ ನಾಟಕಗಳು. ಕಾರ್ಯಕ್ರಮದ ಮೊದಲಿಗೆ ದೊಡ್ಡ ಕಂಪನಿಗಳ ಹೆಸರು ಬರುತ್ತದೆ. 1967ರ ಸಾರ್ವಜನಿಕ ಪ್ರಸಾರ ಕಾಯ್ದೆಯಿಂದ ಬರುತ್ತಿದ್ದ ಒಕ್ಕೂಟ ಸರ್ಕಾರದ ಹಣವನ್ನು 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಹಿಂದಕ್ಕೆ ಪಡೆಯಿತು, ಎರಡು ವರ್ಷದ ಸುಮಾರು 110 ಕೋಟಿ ಡಾಲರ್. ಬಾಸ್ಟನ್ ಕಷ್ಟಪಟ್ಟಾದರೂ ನಿಲ್ಲುತ್ತದೆ, ಅದಕ್ಕೆ ಎಪ್ಪತ್ತು ವರ್ಷದ ಪಟ್ಟಿ ಇದೆ. ಅಲಾಸ್ಕದಂಥ ಕಡೆಯ ಸಣ್ಣ ಕೇಂದ್ರಗಳಿಗೆ ಆ ಆಸರೆ ಇಲ್ಲ. ನಮ್ಮೂರಿನ ಶಾಲೆಯ ಪೆಟ್ಟಿಗೆಯೂ ಸರ್ಕಾರವಿಲ್ಲದೆ ಎಂದೂ ಬರುತ್ತಿರಲಿಲ್ಲ. ಸರ್ಕಾರದ ಹಣ ಬೇಕೇ ಬೇಕು. ಅದರ ಜೊತೆಗೆ ಊರಿನ ವಂತಿಗೆಯೂ ಇರಬೇಕು ಎಂಬುದು ನನ್ನ ವಾದ. ಒಂದನ್ನು ಕಿತ್ತುಕೊಂಡ ದಿನ ಇನ್ನೊಂದು ಕೈಹಿಡಿಯುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಬೆಂಗಳೂರಿನ ಜೆ.ಸಿ. ನಗರದ ಆ ಕೇಂದ್ರ ನೋಡುಗರ ಸದಸ್ಯತ್ವವನ್ನು ತೆರೆಯಲಿ. ವರ್ಷಕ್ಕೆ ನೂರು ರೂಪಾಯಿ ಸಾಕು, ಆಗದವರು ಹತ್ತು ಕೊಡಲಿ. ಆ ಹಣಕ್ಕೆ ಬೇರೆ ಲೆಕ್ಕವಿರಲಿ. 1981ರಿಂದ ಕೂಡಿಟ್ಟ ಟೇಪುಗಳಲ್ಲಿ ಉಳಿದಿರುವುದನ್ನೆಲ್ಲ ಉಳಿಸಿ, ಎಲ್ಲರಿಗೂ ತೆರೆದಿಡುವುದಕ್ಕೆ ಅದು ಮೊದಲು ಸಲ್ಲಲಿ. ರಾಯಚೂರು, ಕಾರವಾರ, ಕೋಲಾರಗಳಿಂದ ಆರಿಸಿಬಂದ ನೋಡುಗರ ಸಮಿತಿಯೊಂದು ವರ್ಷಕ್ಕೆ ಎರಡು ಸಲವಾದರೂ ಕುಳಿತು ನಿರ್ದೇಶಕರನ್ನು ಪ್ರಶ್ನಿಸಲಿ, ಆ ಸಭೆಯನ್ನೇ ಪ್ರಸಾರ ಮಾಡಲಿ. ಹೊರನಾಡಿನಲ್ಲಿರುವ ನಾವು ಯುಗಾದಿಗೆ, ರಾಜ್ಯೋತ್ಸವಕ್ಕೆ ಸಭಾಂಗಣದ ಬಾಡಿಗೆಗೂ ಊಟಕ್ಕೂ ಸುರಿಯುವ ಹಣದ ಒಂದು ಪಾಲನ್ನು ಸಂತೋಷದಿಂದ ಕೊಡುತ್ತೇವೆ. ಇಲ್ಲಿನ ಕನ್ನಡ ಕೂಟದಲ್ಲಿ ಈ ಮಾತು ಎತ್ತಿದಾಗ ಹಿರಿಯರೊಬ್ಬರು, ಕೊಡುವುದಕ್ಕೆ ನಾನು ಸಿದ್ಧ, ಎಲ್ಲಿಗೆ ಕಳಿಸಲಿ ಹೇಳಿ ಎಂದರು. ನನ್ನಲ್ಲಿ ವಿಳಾಸವಿರಲಿಲ್ಲ.

ಈ ವರ್ಷ ಬಾಸ್ಟನ್ನಿನ ಕೇಂದ್ರಕ್ಕೆ ಎಂದಿನದರ ಮೂರರಷ್ಟು ಬರೆಸಿದ್ದೇನೆ. ಅಷ್ಟೇ ಮೊತ್ತವನ್ನು ಚಂದನಕ್ಕೆಂದು ಬೇರೆ ಎತ್ತಿಟ್ಟಿದ್ದೇನೆ. ಪಟ್ಟಿಯ ಪುಸ್ತಕ ಹಿಡಿದು ಯಾರಾದರೂ ಬರಲಿ, ಅಪ್ಪನ ಹೆಸರಿನಲ್ಲಿ ಬರೆಸುತ್ತೇನೆ.