ಹೈಡ್ರೇಂಜಿಯಾ ಬುಡಕ್ಕೆ ಕಾಫಿ ಚರಟ ಸುರಿದವನ ಮಾತು

ಕರ್ನಾಟಕ ಬಿಟ್ಟು ಹೊರಗೆ ನೆಲೆಸಿದ ಮೇಲೆ ನನಗೆ ಗಿಡ ಸಾಕುವ ಪಾಠ ಎರಡು ಕಡೆಯಿಂದ ನಡೆಯುತ್ತದೆ. ಫೋನಿನಲ್ಲಿ ಅಮ್ಮ, ಬೇಲಿಯಾಚೆ ನೆರೆಯವರು. ಅಮ್ಮನ ಲೆಕ್ಕದಲ್ಲಿ ಅಡುಗೆಮನೆಯಿಂದ ಹೊರಬಿದ್ದದ್ದೆಲ್ಲ ಗಿಡಕ್ಕೆ ಊಟ. ಚರಟ, ಸಿಪ್ಪೆ, ಬೂದಿ, ಪಾತ್ರೆ ತೊಳೆದ ನೀರು, ಯಾವುದಕ್ಕೂ ಅಳತೆ ಇಲ್ಲ. ನೆರೆಯವರದು ಚಮಚ ಹಿಡಿದು ಮಾಡುವ ಕೆಲಸ. ಇಷ್ಟು ಲೀಟರಿಗೆ ಇಷ್ಟು ಗ್ರಾಂ, ಇಷ್ಟು ವಾರಕ್ಕೊಮ್ಮೆ. ಹೈಡ್ರೇಂಜಿಯಾ ಎಂಬ ಗೊಂಚಲು ಹೂವಿನ ಗಿಡ ಒಂದನ್ನು ನೆಟ್ಟು ಕೈ ಸುಟ್ಟುಕೊಂಡ ಮೇಲೆ ಗೊತ್ತಾಯಿತು, ಇಬ್ಬರೂ ಅರ್ಧ ಸರಿ. ಆದರೆ ಬೇರೆ ಬೇರೆ ಅರ್ಧ.

ತಂದಾಗ ಗಿಡದ ತುಂಬ ನೀಲಿ ಹೂ. ಮುಂದಿನ ವರ್ಷ ಅದೇ ಗಿಡ ಗುಲಾಬಿ ಬಣ್ಣದ ಗೊಂಚಲು ಬಿಟ್ಟಿತು. ಅಮ್ಮ ಗೊಬ್ಬರ ಸಾಲದು ಎಂದರು. ನೆರೆಯವರು ಮಣ್ಣಿಗೆ ಹುಳಿ ಸಾಲದು ಎಂದರು. ಮದ್ದು ಮಾತ್ರ ಇಬ್ಬರದೂ ಒಂದೇ, ಕಾಫಿ ಚರಟ! ಎರಡು ಕಡೆಯಿಂದಲೂ ಒಪ್ಪಿಗೆ ಸಿಕ್ಕ ಮೇಲೆ ಕೇಳಬೇಕಾ? ದಿನಾ ಬೆಳಿಗ್ಗೆ ಚರಟ ತಂದು ಬುಡಕ್ಕೆ ಸುರಿದೆ. ಎರಡು ತಿಂಗಳಿಗೆ ಎರಡು ಅಂಗುಲ ದಪ್ಪ ಆಯಿತು.

ಒಂದು ದಿನ ನೀರು ಹಾಕುವಾಗ ನೋಡಿದರೆ ನೀರು ಇಂಗುತ್ತಲೇ ಇಲ್ಲ. ಚರಟದ ಮೇಲೆ ಜಾರಿ ಪಾತಿಯ ಆಚೆ ಹರಿದು ಹೋಗುತ್ತಿದೆ. ಬೆರಳಿನಿಂದ ಒತ್ತಿದೆ, ಗಟ್ಟಿ. ಅಂಚು ಹಿಡಿದು ಎತ್ತಿದೆ. ಇಡೀ ಪದರ ಮುಚ್ಚಳದ ಹಾಗೆ ಮೇಲೆದ್ದಿತು. ಅಡಿಯಲ್ಲಿ ಬಿಳಿ ಬೂಷ್ಟು, ಅದರ ಕೆಳಗೆ ಹುಡಿ ಹುಡಿ ಒಣ ಮಣ್ಣು. ಮಧ್ಯಾಹ್ನವಾದರೆ ಎಲೆ ಜೋತು ಬೀಳುತ್ತಿದ್ದದ್ದಕ್ಕೆ ಬಿಸಿಲು ಕಾರಣ ಎಂದುಕೊಂಡಿದ್ದೆ. ಗಿಡಕ್ಕೆ ನೀರೇ ಸಿಕ್ಕಿರಲಿಲ್ಲ.

ಚರಟ ಕೆಟ್ಟದ್ದೇನಲ್ಲ. ನಾವು ಅದರಿಂದ ತಪ್ಪು ಕೆಲಸ ಬಯಸುತ್ತೇವೆ, ಅಷ್ಟೆ. ಕಾಫಿಯ ಹುಳಿ ನೀರಿನಲ್ಲಿ ಕರಗುವಂಥದ್ದು. ಅದು ನಮ್ಮ ಲೋಟಕ್ಕೆ ಇಳಿದಿರುತ್ತದೆ. ಹುಳಿ ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, 7 ನಡು, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಉಳಿದ ಚರಟದ ಪಿಎಚ್ ಹೆಚ್ಚುಕಡಿಮೆ 6.5ರ ಆಸುಪಾಸು, ಅಂದರೆ ಹುಳಿಯೂ ಅಲ್ಲ, ಸುಣ್ಣವೂ ಅಲ್ಲ ಎನ್ನುವ ಜಾಗದ ಹತ್ತಿರ. ಸಾರಜನಕ ನೂರಕ್ಕೆ ಎರಡು ಪಾಲಿನಷ್ಟು ಇರುತ್ತದೆ. ಅದೂ ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಸಿದ ಮೇಲೆ, ನಿಧಾನಕ್ಕೆ ಬೇರಿಗೆ ಸಿಗುವುದು. ಬುಡಕ್ಕೆ ಹಾಕಲೇಬೇಕು ಎಂದರೆ ಒಂದು ಸೆಂಟಿಮೀಟರ್ ಮೀರದಂತೆ ಉದುರಿಸಿ, ಮೇಲೆ ದರಗು ಮುಚ್ಚಿದರೆ ಆಯಿತು.

ಇನ್ನು ಬಣ್ಣದ ವಿಷಯ. ಇಲ್ಲಿ ಅಮ್ಮ ಕಾರಣದಲ್ಲೇ ಎಡವಿದರು, ನೆರೆಯವರು ಕಾರಣ ಸರಿ ಹೇಳಿ ಮದ್ದಿನಲ್ಲಿ ಎಡವಿದರು. ಹೈಡ್ರೇಂಜಿಯಾ ಮ್ಯಾಕ್ರೋಫಿಲ್ಲಾ ಎಂಬ ಜಾತಿಯಲ್ಲಿ ಗುಲಾಬಿಗೂ ನೀಲಿಗೂ ಇರುವ ಬಣ್ಣದ ವಸ್ತು ಒಂದೇ. ಅದಕ್ಕೆ ಅಲ್ಯೂಮಿನಿಯಂ ಸೇರಿದರೆ ನೀಲಿ, ಸೇರದಿದ್ದರೆ ಗುಲಾಬಿ. ಅಲ್ಯೂಮಿನಿಯಂ ಹೆಚ್ಚಿನ ಮಣ್ಣಿನಲ್ಲಿ ಬೇಕಾದಷ್ಟಿದೆ. ಆದರೆ ಮಣ್ಣು ಹುಳಿಯಾಗಿದ್ದರೆ ಮಾತ್ರ ಅದು ಕರಗಿ ಬೇರಿಗೆ ಸಿಗುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ಇದ್ದರೆ ನೇರಳೆ ಅಥವಾ ಕಲಸುಮೇಲೋಗರ. ಬಿಳಿ ಹೂವಿನ ತಳಿಗಳಿಗೆ ಈ ಆಟವೇ ಇಲ್ಲ. ಏನು ಸುರಿದರೂ ಅವು ನೀಲಿಯಾಗುವುದಿಲ್ಲ, ಸುಮ್ನೆ ಶ್ರಮ ದಂಡ.

ಅಂದರೆ ಗುಲಾಬಿ ಹೂ ಬಿಟ್ಟ ಗಿಡ ಹಸಿದಿದೆ ಎಂದು ಅರ್ಥವಲ್ಲ. ಹೊಟ್ಟೆ ತುಂಬಿಸುವುದು ಒಂದು ಕೆಲಸ, ಬಣ್ಣ ಬದಲಿಸುವುದು ಇನ್ನೊಂದು. ಮನೆಮದ್ದು ಹೇಳುವವರು ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿ ಕಲಸುತ್ತಾರೆ. ನನ್ನ ಮುಖ್ಯ ತಕರಾರು ಇದೇ.

ನನ್ನದೇ ಕಥೆ ನೋಡಿ. ಒಂದು ವಾರ ನೀಲಿಯಾಗಲಿ ಎಂದು ಚರಟ ಹಾಕುತ್ತಿದ್ದೆ. ಮುಂದಿನ ವಾರ ಅಮ್ಮ ಹೇಳಿದರೆಂದು ಕಟ್ಟಿಗೆ ಬೂದಿ ಉದುರಿಸುತ್ತಿದ್ದೆ. ಬೂದಿಯಲ್ಲಿ ಪೊಟ್ಯಾಶಿಯಂ ಇದೆ, ನಿಜ. ಆದರೆ ಅದು ಸುಣ್ಣದ ಹಾಗೆ ಮಣ್ಣಿನ ಹುಳಿ ತೆಗೆಯುತ್ತದೆ. ಮೊಟ್ಟೆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದೂ ಸುಣ್ಣದ ಬಳಗವೇ. ಕೈಯಲ್ಲಿ ಮುರಿದು ಹಾಕಿದ ಚಿಪ್ಪು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ, ಹಿಟ್ಟಿನಂತೆ ಅರೆದು ಹಾಕಿದರೆ ಮಾತ್ರ ಏನಾದರೂ ಆಗುತ್ತದೆ. ಗುಲಾಬಿ ಬಣ್ಣವೇ ಬೇಕೆನ್ನುವವರಿಗೆ ಬೂದಿ, ಚಿಪ್ಪಿನ ಪುಡಿ ಎರಡೂ ಒಳ್ಳೆಯವು. ನೀಲಿ ಬೇಕು ಎನ್ನುತ್ತಾ ಇವನ್ನು ಹಾಕಿದ ನಾನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಂಡಂತಾಯಿತು. ಮೂಳೆ ಪುಡಿಯೂ ನೀಲಿಗೆ ಆಗದು. ಅದರ ರಂಜಕ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ನೆರೆಯವರ ಮದ್ದುಗಳಿಗೂ ಇದೇ ಗತಿ. ಎಪ್ಸಮ್ ಉಪ್ಪು ಚಮಚ ಲೆಕ್ಕದಲ್ಲಿ ಹಾಕಿಸಿದರು. ಅದು ಮೆಗ್ನೀಶಿಯಂ ಸಲ್ಫೇಟ್. ಮೆಗ್ನೀಶಿಯಂ ಕೊರತೆ ಇದ್ದರೆ ಉಪಯೋಗ, ಮಣ್ಣನ್ನು ಹುಳಿ ಮಾಡುವುದಿಲ್ಲ. ತುಕ್ಕು ಮೊಳೆ ಹೂತರೆ ನೀಲಿ ಬರುತ್ತದೆ ಎನ್ನುವುದೂ ಇದೆ. ಮೊಳೆಯಲ್ಲಿರುವುದು ಕಬ್ಬಿಣ, ಬೇಕಾದದ್ದು ಅಲ್ಯೂಮಿನಿಯಂ! ವಿನೆಗರ್ ಹಾಕಿದ್ದು ಮಾತ್ರ ನನ್ನದೇ ಬುದ್ಧಿ. ಅಳತೆ ಗಟ್ಟಿಯಾಯಿತು. ನಾಲ್ಕು ದಿನದಲ್ಲಿ ಎಲೆಯ ಅಂಚು ಕಂದಿತು, ಪಕ್ಕದಲ್ಲಿ ನೆಟ್ಟ ಎರಡು ಎಳೆ ಸಸಿ ಸತ್ತವು. ಹೂ ಗುಲಾಬಿಯಾಗಿಯೇ ಉಳಿಯಿತು.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ನೀರಿಗೆ ಇಳಿಯುವುದು ಸ್ವಲ್ಪ ಪೊಟ್ಯಾಶಿಯಂ, ಜೊತೆಗೆ ವಾಸನೆ ಮತ್ತು ನೊಣ.

ಅಮ್ಮ ಸರಿಯಿದ್ದದ್ದು ಗುಂಡಿಯ ವಿಷಯದಲ್ಲಿ. ಬುಡಕ್ಕೆ ಸುರಿಯುವ ಬದಲು ಇದೇ ಚರಟ, ಸಿಪ್ಪೆ, ಒಣ ಎಲೆ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿ, ಕಪ್ಪಗೆ ಹುಡಿಯಾಗುವವರೆಗೆ ಕಾಯಬೇಕು. ಚಿಗುರುವ ಕಾಲಕ್ಕೆ ಆ ಗೊಬ್ಬರ ಎರಡು ಮೂರು ಸೆಂಟಿಮೀಟರ್ ದಪ್ಪ ಹರಡಿದರೆ ಹೈಡ್ರೇಂಜಿಯಾಕ್ಕೆ ಬಹುಪಾಲು ಸಾಕು. ಕಾಂಡಕ್ಕೆ ತಾಗಬಾರದು. ಇದು ಹೊಟ್ಟೆಬಾಕ ಗಿಡವಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ತಟ್ಟೆಯಗಲ ಬೆಳೆಯುತ್ತದೆ, ಹೂ ನಾಪತ್ತೆ. ಚಳಿ ಬೀಳುವ ಕಡೆ ಬೇಸಿಗೆ ಮುಗಿಯುವ ಹೊತ್ತಿಗೆ ಗೊಬ್ಬರ ನಿಲ್ಲಿಸಬೇಕು. ಇಲ್ಲದಿದ್ದರೆ ತಡವಾಗಿ ಬಂದ ಎಳೆ ಕುಡಿ ಚಳಿಗೆ ಕರಕಲಾಗುತ್ತದೆ. ಮ್ಯಾಕ್ರೋಫಿಲ್ಲಾದ ಹೆಚ್ಚಿನ ತಳಿಗಳು ಹಿಂದಿನ ವರ್ಷದ ರೆಂಬೆಯಲ್ಲೇ ಮೊಗ್ಗು ಕಟ್ಟಿಟ್ಟುಕೊಂಡಿರುತ್ತವೆ. ಆ ರೆಂಬೆ ಸತ್ತರೆ, ಅಥವಾ ನಾವೇ ಕತ್ತರಿಸಿದರೆ, ಆ ವರ್ಷದ ಹೂ ಹೋಯಿತು. ಗೊಬ್ಬರ ಸಾಲದೆ ಹೂ ಬಿಡಲಿಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಗಿಡಗಳಿಗೆ ಬಿದ್ದದ್ದು ಕತ್ತರಿ ಏಟು.

ನೆರೆಯವರು ಸರಿಯಿದ್ದದ್ದು ಅಳತೆಯಲ್ಲಿ. ಮಣ್ಣು ಹೇಗಿದೆ ಎಂದು ನೋಡದೆ ಮದ್ದು ಹಾಕಬಾರದು. ಒಣ ಮಣ್ಣಿಗೆ ವಿನೆಗರ್ ಬಿಟ್ಟಾಗ ನೊರೆ ಉಕ್ಕಿದರೆ ಅದರಲ್ಲಿ ಸುಣ್ಣ ಇದೆ. ಒದ್ದೆ ಮಣ್ಣಿಗೆ ಅಡುಗೆ ಸೋಡಾ ಹಾಕಿದಾಗ ಉಕ್ಕಿದರೆ ಹುಳಿ ಇದೆ. ಇದು ಒರಟು ಪರೀಕ್ಷೆ, ಅಂಕಿ ಬೇಕೆಂದರೆ ಪಿಎಚ್ ಕಿಟ್ ಬೇಕು. ನನ್ನ ಮಣ್ಣು ಗೋಡೆಯ ಹತ್ತಿರ ಚೆನ್ನಾಗಿ ಉಕ್ಕಿತು, ಗೋಡೆಯಿಂದ ಮೂರು ಅಡಿ ಆಚೆ ಸದ್ದೇ ಇಲ್ಲ. ಕಾಂಕ್ರೀಟಿನಿಂದ ಸುಣ್ಣ ಇಳಿದು ಮಣ್ಣು ಸೇರುತ್ತಿತ್ತು. ನಾನು ಹಾಕುತ್ತಿದ್ದ ಗಡಸು ನೀರೂ ಅದಕ್ಕೆ ಸೇರಿಸುತ್ತಿತ್ತು.

ಮಳೆನೀರು ಹಿಡಿದಿಟ್ಟು ಹಾಕಲು ಶುರು ಮಾಡಿದ್ದು ಆಮೇಲೆ. ಜೊತೆಗೆ ಒಂದು ನಿಜವಾದ ಮನೆಮದ್ದು, ಪಟಿಕ. ಕೆಸರು ನೀರು ತಿಳಿ ಮಾಡಲು, ಗಡ್ಡ ಹೆರೆದ ಮೇಲೆ ಉಜ್ಜಲು ಬಳಸುತ್ತಾರಲ್ವಾ, ಅದೇ. ಅದರಲ್ಲಿ ಅಲ್ಯೂಮಿನಿಯಂ ಇದೆ, ಮಣ್ಣಿಗೆ ಹುಳಿಯನ್ನೂ ಕೊಡುತ್ತದೆ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪುಡಿ ಕರಗಿಸುತ್ತೇನೆ. ಮೊದಲು ಸಾದಾ ನೀರಿನಿಂದ ಬುಡ ಒದ್ದೆ ಮಾಡಿ, ಆಮೇಲೆ ಇದು. ಒಣ ಮಣ್ಣಿಗೆ ಹಾಕಿದರೆ, ಅಥವಾ ಅಳತೆ ಮೀರಿದರೆ ಬೇರು ಸುಡುತ್ತದೆ. ಕುಂಡದ ಗಿಡಕ್ಕಂತೂ ಇನ್ನೂ ಎಚ್ಚರ ಬೇಕು. ಅರಳಿದ ಹೂವಿನ ಮೇಲೆ ಇದರ ಆಟ ನಡೆಯುವುದಿಲ್ಲ, ಮೊಗ್ಗು ಕಾಣುವ ಮೊದಲೇ ಶುರು ಮಾಡಬೇಕು. ಬಣ್ಣ ಪೂರ್ತಿ ತಿರುಗಲು ಕೆಲವೊಮ್ಮೆ ಒಂದು ವರ್ಷ ಬೇಕು.

ಈ ಸಲ ಗಿಡ ಎರಡು ಬಣ್ಣದಲ್ಲಿ ಅರಳಿದೆ. ಹೊರಗಿನ ಕಡೆ ನೀಲಿ, ನಡುವೆ ಒಂದು ಗೊಂಚಲು ಅರ್ಧ ನೇರಳೆ, ಗೋಡೆ ಕಡೆ ಮೂರು ಗುಲಾಬಿ. ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಗುಲಾಬಿಯೇ ಚೆಂದ, ಅದಕ್ಕೆ ಏನೂ ಹಾಕಬೇಡ ಎಂದರು. ಆ ಕಡೆ ಪಟಿಕದ ನೀರು ಹಾಕುವುದನ್ನು ಬಿಟ್ಟಿದ್ದೇನೆ.